ಎಪ್ಪತ್ತೆಂಟರ ಹತ್ತಿ

ಗಂಗಾಂಬಿಕಾ ಮೇಡಂಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಜಮಖಂಡಿಯ ಆ ಖಾಸಗಿ ಕಾಲೇಜಿನಲ್ಲಿ ಆಕೆಯ ಕೈಯಲ್ಲಿ ಸಸ್ಯಶಾಸ್ತ್ರ ಕಲಿತ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಜೋರಾಗಿ ಬೈದರೆ ಅದು ನಗುತ್ತ ಬೈದದ್ದು. ಗಂಟೆ ಹೊಡೆಯುವಷ್ಟರಲ್ಲಿ ಆಕೆಗೇ ಮರೆತುಹೋಗಿರುತ್ತದೆ. ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಇಡತೊಡಗಿದಳು ಅಂದರೆ ಮಾತ್ರ ಎದುರಿಗಿದ್ದವರು ಹುಷಾರಾಗಬೇಕು. ಕಾಲೇಜಿನ ಚೇರ್ಮನ್ ಸಿದರಾಯ ಸಾವಕಾರರಿಗೆ ಈ ಸಂಗತಿ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ಆಕೆ ಹುಟ್ಟಿದ್ದು ಬೀಳಗಿ ತಾಲ್ಲೂಕಿನ ಅನಗವಾಡಿಯಲ್ಲಿ, ಕೃಷ್ಣೆಯ ದಂಡೆಗೆ ಎರೆಹೊಲ ಇದ್ದ ಮನೆತನದಲ್ಲಿ. ಅಪ್ಪ ಭೀಮಪ್ಪ ಹಿಂಗಾರಿಗೆ ಜೋಳದ ಮಗ್ಗುಲಿಗೆ ಜವಾರಿ, ಅಂದರೆ ನಾಟಿ, ಹತ್ತಿ ಹಾಕುತ್ತಿದ್ದ. ಜವಾರಿ ಹತ್ತಿಯ ಕಾಯಿ ಸಣ್ಣದು, ಬಾಯಿ ಪೂರಾ ಬಿಡುವುದಿಲ್ಲ. ಬಿಡಿಸುವವರ ಬೆರಳ ತುದಿ ಕೆತ್ತಿಹೋಗುತ್ತದೆ. ಆದರೆ ನೀರು ಬೇಡುವುದಿಲ್ಲ, ಕೀಡೆಗೆ ಜಗ್ಗುವುದಿಲ್ಲ. ಊರೆಲ್ಲ ದಪ್ಪ ಕಾಯಿಯ ಅಮೆರಿಕನ್ ಹತ್ತಿಗೆ ತಿರುಗಿತು, ಆಮೇಲೆ ಕಬ್ಬಿಗೆ ತಿರುಗಿತು. ಭೀಮಪ್ಪ ಮಾತ್ರ ಬದುವಿನ ಗುಂಟ ಒಂದಿಷ್ಟು ಜವಾರಿ ಉಳಿಸಿಕೊಂಡ. ದೀಪದ ಬತ್ತಿಗೆ ಬೇಕು, ಗಾದಿಗೆ ಬೇಕು ಅನ್ನುತ್ತಿದ್ದ. ಅದನ್ನು ಬಿಡಿಸುವ ಕೆಲಸ ಮಗಳದು. ಬಿಡಿಸುತ್ತ ಬಿಡಿಸುತ್ತ ಆಕೆಗೆ ಅದರ ಹೂವಿನ ಮೇಲೆ ಮನಸ್ಸಾಯಿತು. ನಿಂಬೆ ಬಣ್ಣದ ಹೂ, ಒಳಗೆ ಇಣುಕಿದರೆ ತಳದಲ್ಲಿ ಕುಂಕುಮ ಚೆಲ್ಲಿದಂಥ ಕೆಂಪು.

ಮುಂದೆ ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಗುರುಗಳು ಒಮ್ಮೆ ಎರಡು ಗಾಜಿನ ಪಟ್ಟಿ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿದರು. ಒಂದರಲ್ಲಿ ಜವಾರಿ ಹತ್ತಿಯ ಬೇರಿನ ತುದಿ, ಇನ್ನೊಂದರಲ್ಲಿ ಅಮೆರಿಕನ್ ಹತ್ತಿಯದು. ಜೀವಕೋಶದ ನಡುವೆ ಬಣ್ಣ ಕುಡಿದು ನಿಂತ ಗಿಡ್ಡ ದಾರದ ತುಣುಕುಗಳು ಕಂಡವು. ಅವೇ ವರ್ಣತಂತುಗಳು. ಎಲೆ ಹೇಗೆ ಸೀಳಬೇಕು, ಹೂ ಯಾವ ಬಣ್ಣ ತಾಳಬೇಕು, ಎಳೆ ಎಷ್ಟುದ್ದ ಬರಬೇಕು, ಗಿಡಕ್ಕೆ ಎಲ್ಲ ಹುಕುಂ ಅವುಗಳಿಂದಲೇ. ಜವಾರಿಯಲ್ಲಿ ಇಪ್ಪತ್ತಾರು ಎಣಿಸಿದಳು, ಅಂದರೆ ಹದಿಮೂರು ಜೋಡಿ. ಅಮೆರಿಕನ್ ಹತ್ತಿಯಲ್ಲಿ ಐವತ್ತೆರಡು.

“ಬರೋಬ್ಬರಿ ಎರಡು ಪಟ್ಟು ಆತಲ್ಲ ಸರ್! ಯಾಕ?”

“ಯಾಕಂದ್ರ ಅದು ಒಂದ ಹತ್ತಿ ಅಲ್ಲ ನೋಡವಾ, ಎರಡು ಹತ್ತಿ ಕೂಡಿ ಆಗಿದ್ದು” ಅಂದರು ಗುರುಗಳು.

ಮನುಷ್ಯ ಹುಟ್ಟುವುದಕ್ಕೂ ಎಷ್ಟೋ ಲಕ್ಷ ವರ್ಷ ಮೊದಲು, ಈ ಕಡೆಯ ಹತ್ತಿಯೊಂದರ ಬೀಜ ಹೇಗೋ ಕಡಲು ದಾಟಿ ಅಮೆರಿಕಕ್ಕೆ ಹೋಯಿತಂತೆ. ನಮ್ಮ ಜವಾರಿಗೆ ಹತ್ತಿರದ ಬಳಗದ ಹತ್ತಿ ಅದು. ಅಲ್ಲಿ ಅದಕ್ಕೂ ಅಲ್ಲಿಯದೇ ಕಾಡುಹತ್ತಿಗೂ ಕೂಡಿತು. ಹುಟ್ಟಿದ ಗಿಡಕ್ಕೆ ಕಾಯಿ ಕಟ್ಟಲು ಬರಲಿಲ್ಲ, ಯಾಕೆಂದರೆ ಇವರ ತಂತುಗಳು ಅವರ ತಂತುಗಳೊಂದಿಗೆ ಜೋಡಿಯಾಗಲಿಲ್ಲ. ಆಮೇಲೆ ಎಂದೋ ಒಮ್ಮೆ ಕೋಶ ಒಡೆಯುವಾಗ ಒಂದು ತಪ್ಪಾಯಿತು. ತಂತುಗಳು ಇಮ್ಮಡಿಯಾದವು, ಕೋಶ ಮಾತ್ರ ಎರಡಾಗಲಿಲ್ಲ. ಒಂದೇ ಮನೆಯಲ್ಲಿ ಎಲ್ಲವೂ ಎರಡೆರಡು ಉಳಿದವು. ಒಂಟಿ ಇದ್ದ ಪ್ರತಿಯೊಂದಕ್ಕೂ ಜೋಡಿ ಸಿಕ್ಕಿತು. ಕಾಯಿ ಕಟ್ಟಿತು. ಅಪ್ಪನ ಜಾತಿಯೂ ಅಲ್ಲದ, ಅವ್ವನ ಜಾತಿಯೂ ಅಲ್ಲದ ಹೊಸದೊಂದು ಹತ್ತಿ ನೆಲದ ಮೇಲೆ ನಿಂತಿತು.

“ಇವತ್ತು ಜಗತ್ತು ಉಡೂ ಹತ್ತಿ ಅರಿವಿ ಹೆಚ್ಚಿನಂಶ ಆ ತಪ್ಪಿನಿಂದ ಹುಟ್ಟಿದ್ದನ” ಅಂದರು ಗುರುಗಳು. ಗಂಗಾಂಬಿಕಾಗೆ ಆ ರಾತ್ರಿ ಊಟ ರುಚಿಸಲಿಲ್ಲ, ಸಂತೋಷಕ್ಕೆ.

ಓದು ಮುಗಿದ ಮೇಲೆ ಬನಹಟ್ಟಿಯ ವೀರೇಶನ ಜೊತೆ ಮದುವೆಯಾಯಿತು. ಆತನದು ಮಗ್ಗದ ಮನೆತನ, ರಬಕವಿಯಲ್ಲಿ ಸೀರೆ ಅಂಗಡಿ. ಹಗಲೆಲ್ಲ ಖಟಖಟ ಸದ್ದು, ಆ ಸದ್ದಿನ ಮೇಲೆ ಅತ್ತೆ ಕೆಂಪವ್ವನ ದನಿ. ಗಂಗಾಂಬಿಕಾ ದಿನಾ ಬಸ್ಸು ಹಿಡಿದು ಜಮಖಂಡಿಗೆ ಹೋಗಿ ಪಾಠ ಮಾಡಿ ಬರುತ್ತಿದ್ದಳು. ಮಕ್ಕಳಾಗಲಿಲ್ಲ. ಮೊದಮೊದಲು ಜನ ಕೇಳಿದರು. ಆಮೇಲೆ ಕೇಳುವುದು ಬಿಟ್ಟು ಬರೀ ನೋಡತೊಡಗಿದರು. ಆಕೆ ಎರಡಕ್ಕೂ ಸೊಪ್ಪು ಹಾಕಲಿಲ್ಲ.

ಕೊರೊನಾ ಮುಗಿದು ಕಾಲೇಜು ಮತ್ತೆ ತೆರೆದ ವರ್ಷ ಚೇರ್ಮನ್ ಸಿದರಾಯ ಸಾವಕಾರರಿಗೆ ತರಗತಿಗಳಲ್ಲಿ ಕುಳಿತು ನೋಡುವ ಹುಕಿ ಬಂತು. ಕಬ್ಬಿನ ದೊಡ್ಡ ಜಮೀನ್ದಾರ, ಕೈಬಿಟ್ಟು ಖರ್ಚು ಮಾಡುವ ಮನುಷ್ಯ, ಮಾತಿನಲ್ಲಿ ಗೆಲ್ಲುವುದು ಅಂದರೆ ಬಲು ಇಷ್ಟ. ಒಂದು ದಿನ ಹಿಂದಿನ ಬೆಂಚಿನ ಮೇಲೆ ಬಂದು ಕುಳಿತರು. ಗಂಗಾಂಬಿಕಾ ಅದೇ ಹತ್ತಿಯ ಕಥೆ ಹೇಳುತ್ತಿದ್ದಳು.

“ಮೇಡಂರೀ, ನಡುವ ಬಾಯಿ ಹಾಕತೇನಿ, ತಪ್ಪು ತಿಳೀಬ್ಯಾಡ್ರಿ” ಅಂದರು ಸಾವಕಾರರು. “ಹೊಸಾ ತಳಿ ಬರತಾವ, ಒಪ್ಪಿದೆ. ನಮ್ಮ ಕಬ್ಬಿನಾಗನ ಆಗಾಗ ಬರತಾವ. ಆದ್ರ ನೀವು ಹೊಸಾ ಜಾತಿನ ಹುಟ್ಟತೈತಿ ಅಂತೀರಿ. ಅದು ದೇವರ ಕೆಲಸ, ಆತ ಮಾಡಿ ಮುಗಿಸ್ಯಾನ. ಯಾರರ ಕಣ್ಣಿಲೆ ನೋಡ್ಯಾರೇನು?”

“ನೋಡ್ಯಾರ್ರಿ ಸರ್.”

“ನೀವು ನೋಡೀರೇನು?”

ಹುಡುಗರು ಮುಸಿಮುಸಿ ನಕ್ಕರು. ಗಂಗಾಂಬಿಕಾ ಕೈಯಲ್ಲಿದ್ದ ಸುಣ್ಣಕಡ್ಡಿ ಕೆಳಗಿಟ್ಟಳು. ದನಿ ಇಳಿಯಿತು.

“ಇಲ್ರಿ. ನಾ ನೋಡಿಲ್ಲ. ನೋಡತೇನಿ. ನೋಡಿ ನಿಮಗೂ ತೋರಸ್ತೇನಿ.”

“ತೋರಸ್ರಿ! ಅಲ್ಲೀತನಕ ಈ ಪಾಠ ಲಗೂನ ಮುಗಿಸಿಬಿಡ್ರಿ, ಪರೀಕ್ಷಾದಾಗ ಇದರದ್ದೇನು ಭಾಳ ಬರಂಗಿಲ್ಲ” ಎಂದು ನಗುತ್ತ ಎದ್ದು ಹೋದರು.

ಪಾಠವನ್ನು ಆಕೆ ಲಗೂನೆ ಮುಗಿಸಲಿಲ್ಲ. ಮರುದಿನ ಮೊದಲಿನಿಂದ ಮತ್ತೊಮ್ಮೆ ಮಾಡಿದಳು, ಇನ್ನಷ್ಟು ವಿವರವಾಗಿ.

ಕಾಲೇಜಿನ ಹಿಂದೆ ಒಡೆದ ಇಟ್ಟಿಗೆ ಬಿದ್ದಿದ್ದ ಒಂದು ತುಂಡು ನೆಲವಿತ್ತು. ಆಕೆ ಅದನ್ನು ಹಸನು ಮಾಡಿಸಿದಳು. ತಮ್ಮ ಯಲ್ಲಾಲಿಂಗನಿಗೆ ಹೇಳಿ ಅನಗವಾಡಿಯಿಂದ ಜವಾರಿ ಬೀಜ ತರಿಸಿದಳು, ಧಾರವಾಡದ ಗುರುಗಳಿಂದ ಅಮೆರಿಕನ್ ಹತ್ತಿಯ ಹಳೆಯದೊಂದು ತಳಿಯದು. ಅಮೆರಿಕನ್ ಗಿಡದಲ್ಲಿ ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ, ಉಗುರಿನಿಂದ ಅದರ ಎಸಳು ಬಿಡಿಸಿ, ಪರಾಗದ ಪುಡಿ ಹೊತ್ತ ಕೇಸರಗಳನ್ನೆಲ್ಲ ತೆಗೆದು, ಕಾಗದದ ಟೊಪ್ಪಿಗೆ ಹಾಕಿ ಹೋಗುತ್ತಿದ್ದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಜವಾರಿ ಹೂವಿನ ಪುಡಿಯನ್ನು ಅದರ ಮೇಲೆ ಸವರುತ್ತಿದ್ದಳು. ಸವರಿದ ಹೂಗಳೆಲ್ಲ ಒಂದಿಷ್ಟು ದಿನ ತಾಳಿ, ಪೀಚು ಹಳದಿಯಾಗಿ, ತೊಟ್ಟಿನ ಸಮೇತ ಕೆಳಗೆ ಬೀಳುತ್ತಿದ್ದವು. ಆ ಹಂಗಾಮು ಪೂರ್ತಿ ಹಾಗೇ ಹೋಯಿತು. ಒಂದು ಕಾಯಿಯೂ ನಿಲ್ಲಲಿಲ್ಲ.

ಸಾವಕಾರರು ಎದುರು ಸಿಕ್ಕಾಗಲೆಲ್ಲ ಕೇಳುತ್ತಿದ್ದರು: “ಏನ್ರಿ ಮೇಡಂ, ಹುಟ್ಟೇತೇನು ಹೊಸಾ ಜಾತಿ?”

“ಇನ್ನೂ ಇಲ್ರಿ” ಅನ್ನುತ್ತಿದ್ದಳು ಗಂಗಾಂಬಿಕಾ, ತಲೆ ಎತ್ತಿಯೇ.

ಮರು ಹಂಗಾಮಿಗೆ ಗುರುಗಳು ಫೋನಿನಲ್ಲಿ ಒಂದು ಉಪಾಯ ಹೇಳಿಕೊಟ್ಟರು. ಸವರಿದ ಕೂಡಲೆ ಹೂವಿನ ತೊಟ್ಟಿಗೆ ಕಾಯಿ ಉದುರದಂತೆ ತಡೆಯುವ ಔಷಧದ ಹನಿ ಹಾಕಬೇಕು. ಹಾಕಿದಳು. ಕೆಲವು ಕಾಯಿ ಜೋತುಬಿದ್ದು ಉಳಿದವು. ಒಡೆದು ನೋಡಿದರೆ ಬೀಜಗಳೆಲ್ಲ ಸುಕ್ಕು, ಬೆರಳಲ್ಲಿ ಒತ್ತಿದರೆ ಹೊಟ್ಟು. ಗಟ್ಟಿ ಅನ್ನಿಸಿದ ಕೆಲವನ್ನು ಮಣ್ಣು ತುಂಬಿದ ಕುಂಡಲಿಯಲ್ಲಿ ಊರಿದಳು. ಎರಡು ಮೊಳೆತವು, ಒಂದು ಸತ್ತಿತು. ಉಳಿದ ಒಂದು ಸಸಿಯನ್ನು ಆ ನೆಲಕ್ಕೆ ಹಚ್ಚಿದಳು.

ಬೆಳೆದದ್ದೇ ಬೆಳೆದದ್ದು! ಅಪ್ಪನಿಗಿಂತ, ಅವ್ವನಿಗಿಂತ ಎತ್ತರ. ಎಲೆ ಎರಡರ ನಡುವಿನದು. ಹೂ ತೆಳು ಹಳದಿ, ತಳದಲ್ಲಿ ಅದೇ ಕೆಂಪು. ಗಿಡದ ತುಂಬ ಹೂ. ಆದರೆ ಕೇಸರ ಮುಟ್ಟಿದರೆ ಬೆರಳಿಗೆ ಪುಡಿ ಹತ್ತುವುದಿಲ್ಲ. ಅರಳಿದ ಹೂ ಕೆಂಪಾಗಿ, ಮುದುಡಿ, ಉದುರುವುದು; ಕಾಯಿ ಇಲ್ಲ. ಹೀಗೇ ಆಗುತ್ತದೆ ಎಂದು ಗಂಗಾಂಬಿಕಾಗೆ ಗೊತ್ತಿತ್ತು. ಅರ್ಧರ್ಧ ಪಾಲಿನಂತೆ ಜವಾರಿಯಿಂದ ಬಂದದ್ದು ಹದಿಮೂರು, ಅಮೆರಿಕನ್‌ನಿಂದ ಇಪ್ಪತ್ತಾರು, ಒಟ್ಟು ಮೂವತ್ತೊಂಬತ್ತು. ಹೂವಿನ ಪುಡಿಯಾಗುವಾಗ ಪ್ರತಿ ತಂತುವೂ ತನ್ನ ಜೋಡಿಯನ್ನು ಹುಡುಕಿ, ಪಕ್ಕಕ್ಕೆ ನಿಂತು, ಆಮೇಲೆ ಒಂದು ಅತ್ತ ಒಂದು ಇತ್ತ ಹೋಗಬೇಕು. ಜವಾರಿಯ ಹದಿಮೂರಕ್ಕೆ ಅಮೆರಿಕನ್ ಹತ್ತಿಯೊಳಗಿದ್ದ ಹಳೇ ಬಳಗದ ಹದಿಮೂರು ಜೋಡಿ ಸಿಕ್ಕವು. ಉಳಿದ ಹದಿಮೂರಕ್ಕೆ ಯಾರೂ ಇಲ್ಲ. ಅವು ದಿಕ್ಕುತಪ್ಪಿ ಎತ್ತಲೋ ಹೋಗುತ್ತವೆ, ಪುಡಿ ಜೊಳ್ಳಾಗುತ್ತದೆ.

ಆಗಲೇ ಆಡಳಿತ ಮಂಡಳಿ ಆ ನೆಲದಲ್ಲಿ ಬೈಕ್ ನಿಲ್ಲಿಸುವ ಶೆಡ್ ಹಾಕಲು ನಿರ್ಧರಿಸಿತು. ಒಂದು ಮಧ್ಯಾಹ್ನ ಜವಾನ ಭೀಮಶಿ ಗುದ್ದಲಿ ಹಿಡಿದು ಬಂದ. ಹಿಂದೆಯೇ ಸಾವಕಾರರು ಬಂದರು. ಗಂಗಾಂಬಿಕಾ ಪ್ರಯೋಗಾಲಯದಿಂದ ಓಡಿಬಂದು ಗಿಡಕ್ಕೆ ಬೆನ್ನು ಕೊಟ್ಟು ನಿಂತಳು.

“ಮೇಡಂ, ಬರೇ ಹೂ ಬಿಡತೈತಿ, ಕಾಯಿ ಇಲ್ಲ, ಬೀಜ ಇಲ್ಲ. ಇದಕ್ಕ ಜಾತಿ ಅಂತೀರೇನು? ಒಂದ ಪೀಳಿಗೀಗೆ ಮುಗಿದು ಹೋತು. ನನ್ನ ಮಾತ ಖರೆ ಆತಿಲ್ಲೋ?” ಅಂದರು ಸಾವಕಾರರು.

“ಇಲ್ಲೀಮಟಾ ನಿಮ್ಮ ಮಾತು ಖರೇರಿ. ಮುಂದಿಂದು ನೋಡಾಕ ನೀವ ಬಿಡವಲ್ರಿ.”

“ಗಾಡಿ ಎಲ್ಲಿ ನಿಂದ್ರಸೂದು?”

“ನಿಮ್ಮ ಗಾಡಿ ನಿಂದ್ರಾಕ ಜಮಖಂಡಿ ತುಂಬ ಜಾಗಾ ಐತಿ. ಈ ಗಿಡಕ್ಕ ಭೂಮಿ ಮ್ಯಾಲೆ ಇದೊಂದ ಜಾಗಾ. ಭೀಮಶಿ, ಗುದ್ದಲಿ ಕೆಳಗಿಡು.”

ಭೀಮಶಿ ಇಬ್ಬರ ಮುಖವನ್ನೂ ನೋಡಿ, ಗುದ್ದಲಿಗೆ ಒರಗಿ ನಿಂತ. ಸಾವಕಾರರಿಗೆ ಹುಡುಗರೆದುರು ಹೆಂಗಸಿನೊಂದಿಗೆ ಜಗಳ ಬೇಡವಾಗಿತ್ತು. ದಸರೆ ರಜೆ ಮುಗಿಯುವಷ್ಟರಲ್ಲಿ ಖಾಲಿ ಮಾಡಿಕೊಡಿ ಎಂದು ಹೇಳಿ ಹೋದರು.

ಹತ್ತಿಯ ಬೇರು ನೆಟ್ಟಗೆ ಆಳಕ್ಕೆ ಇಳಿದಿರುತ್ತದೆ, ಕಿತ್ತು ಹಚ್ಚಿದರೆ ಬದುಕುವುದು ಕಷ್ಟ. ಗಂಗಾಂಬಿಕಾ ಅದರ ಎಳೆ ರೆಂಬೆಗಳನ್ನು ಕತ್ತರಿಸಿ, ತೊಯ್ದ ಅರಿವೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬನಹಟ್ಟಿಗೆ ತಂದಳು. ಮನೆಯ ಮಾಳಿಗೆಯ ಮೇಲೆ ಕುಂಡಲಿಗಳಲ್ಲಿ ಅಮೆರಿಕನ್ ಗಿಡ ಬೆಳೆಸಿಟ್ಟಿದ್ದಳು. ಅವಕ್ಕೆ ಈ ರೆಂಬೆ ಕಸಿ ಕಟ್ಟಿದಳು. ರಜೆ ಮುಗಿದ ದಿನ ಕಾಲೇಜಿನ ತಾಯಿಗಿಡ ನೆಲಕ್ಕುರುಳಿತು. ಆಕೆ ಕಿಟಕಿಯಿಂದ ನೋಡಿದಳು, ಹೊರಗೆ ಬರಲಿಲ್ಲ.

ಮನೆಯಲ್ಲಿ ಇನ್ನೊಂದು ಯುದ್ಧ. ಹೂ ಬಿಟ್ಟು ಕಾಯಿ ಬಿಡದ ಗಿಡ ಎಂದು ತಿಳಿಯುತ್ತಲೇ ಕೆಂಪವ್ವ ಮಾಳಿಗೆಯ ಮೆಟ್ಟಿಲ ಬುಡಕ್ಕೆ ಬಂದು ನಿಂತಳು.

“ಗಂಗವ್ವಾ, ಬಂಜಿ ಗಿಡ ಮನ್ಯಾಗ ಇಡಬಾರದು. ಒಗದ ಬಾ.”

“ಯಾಕ್ರಿ ಅತ್ತಿ? ಏನ್ ಮಾಡತೈತಿ ಅದು?”

ಕೆಂಪವ್ವ ಸೊಸೆಯ ಮುಖ ನೋಡಿ, ಆಮೇಲೆ ಆಕೆಯ ಹೊಟ್ಟೆಯ ಕಡೆ ನೋಡಿ, ಕಣ್ಣು ಹೊರಳಿಸಿದಳು. ಗಂಗಾಂಬಿಕಾ ಎರಡು ಮೆಟ್ಟಿಲು ಇಳಿದು ಬಂದಳು.

“ಅತ್ತಿ, ನೀವು ಏನು ಅನ್ನಾಕತ್ತೀರಿ ಅಂತ ನನಗ ತಿಳೀತು. ಅದು ಗಿಡ. ನಾ ಮನಿಷ್ಯಾಳು. ಇಬ್ಬರನ್ನೂ ಒಂದ ತಕ್ಕಡ್ಯಾಗ ಹಾಕಬ್ಯಾಡ್ರಿ. ಗಿಡ ಮಾಳಿಗಿ ಮ್ಯಾಲೆ ಇರತೈತಿ.”

ಸಂಜೆ ಅಂಗಡಿಯಿಂದ ಬಂದ ವೀರೇಶನಿಗೆ ತಾಯಿ ಎಲ್ಲ ಹೇಳಿದಳು. ಆತ ಜಗಳಕ್ಕೆ ಬೀಳುವ ಮನುಷ್ಯ ಅಲ್ಲ, ಹೆಂಡತಿಯ ಪರ ಮಾತಾಡಿದ್ದೂ ಅಪರೂಪ. ಚಹಾ ಕುಡಿದ. ಆಮೇಲೆ ಮಾಳಿಗೆ ಹತ್ತಿ, ಬಿಸಿಲು ಸಾಲದ ಮೂಲೆಯಲ್ಲಿದ್ದ ಕುಂಡಲಿಗಳನ್ನು ಒಂದೊಂದಾಗಿ ಎತ್ತಿ ಮುಂದಿನ ಕಟ್ಟೆಗೆ, ಬೀದಿಗೆಲ್ಲ ಕಾಣುವ ಹಾಗೆ ಸಾಲಾಗಿ ಇಟ್ಟುಬಂದ. ಮನೆಯಲ್ಲಿ ಆ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಇನ್ನು ಉಳಿದದ್ದು ಕಠಿಣ ಕೆಲಸ. ಕಾಡಿನಲ್ಲಿ ತಾನಾಗಿ ಆಗುವ ಆ ತಪ್ಪನ್ನು ಕೈಯಾರೆ ಮಾಡಿಸಬೇಕು. ಬೇಲಿಯ ಮೇಲೆ ಬೆಂಕಿಯ ನಾಲಿಗೆಯಂಥ ಹೂ ಬಿಡುವ ಅಗ್ನಿಶಿಖೆ ಇದೆಯಲ್ಲ, ಅದರ ಗಡ್ಡೆಯಲ್ಲಿ ಕೋಲ್ಚಿಸಿನ್ ಎಂಬ ವಿಷವಿದೆ. ಬೆಳೆಯುವ ಚಿಗುರಿಗೆ ಅದು ತಾಗಿದರೆ, ತಂತುಗಳು ಇಮ್ಮಡಿಯಾದ ಮೇಲೆ ಎರಡು ಪಾಲಾಗಿ ಸರಿಯಲು ಬಿಡುವುದಿಲ್ಲ; ಕೋಶ ಅರ್ಧಕ್ಕೆ ನಿಂತುಬಿಡುತ್ತದೆ. ಮೂವತ್ತೊಂಬತ್ತು ಇದ್ದದ್ದು ಎಪ್ಪತ್ತೆಂಟಾಗುತ್ತದೆ. ಹೆಚ್ಚಾದರೆ ಚಿಗುರು ಸಾಯುತ್ತದೆ, ಕಡಿಮೆಯಾದರೆ ಏನೂ ಆಗುವುದಿಲ್ಲ. ಗಂಗಾಂಬಿಕಾ ಕೈಗವಸು ಹಾಕಿಕೊಂಡು, ಚಿಗುರಿನ ಕುಡಿಗೆ ಆ ದ್ರಾವಣದಲ್ಲಿ ಅದ್ದಿದ ಅರಳೆಯ ಸಣ್ಣ ತುಣುಕು ಇಡುತ್ತಿದ್ದಳು. ಚಿಗುರುಗಳು ಸುಟ್ಟಂತಾಗಿ ಕಪ್ಪಾದವು. ಒಂದು ಕುಂಡಲಿ ಸತ್ತಿತು, ಇನ್ನೊಂದು ಸತ್ತಿತು. ಕೆಳಗೆ ಬಿದ್ದ ಒಣಎಲೆ ಗುಡಿಸುತ್ತ ಕೆಂಪವ್ವ, “ಇರೂ ಗಿಡಾನೂ ಕೊಲ್ಲಾಕತ್ತಿ” ಅಂದಳು. ಈ ಸಲ ದನಿಯಲ್ಲಿ ಬೈಗುಳ ಇರಲಿಲ್ಲ, ಮರುಕವಿತ್ತು. ಅದೇ ಗಂಗಾಂಬಿಕಾಗೆ ಹೆಚ್ಚು ಚುಚ್ಚಿತು. ಆ ಒಂದು ವಾರ ಆಕೆ ಮಾಳಿಗೆಗೆ ಹೋಗಲೇ ಇಲ್ಲ. ಆಮೇಲೆ ಔಷಧಕ್ಕೆ ಇನ್ನಷ್ಟು ನೀರು ಬೆರೆಸಿ ಮತ್ತೆ ಶುರು ಮಾಡಿದಳು.

ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಮೇಲೆ ಒಂದು ಗಿಡದ ಒಂದೇ ರೆಂಬೆ ಬೇರೆ ಬಗೆಯಾಗಿ ಬರತೊಡಗಿತು. ಎಲೆ ದಪ್ಪ, ಬಣ್ಣ ಕಡು, ಬೆಳವಣಿಗೆ ಮೈಗಳ್ಳನ ಹಾಗೆ ನಿಧಾನ. ಎಷ್ಟೋ ದಿನಕ್ಕೆ ಒಂದು ಮೊಗ್ಗು ಬಂತು. ಅರಳಿದ ಹೂ ಉಳಿದವಕ್ಕಿಂತ ದೊಡ್ಡದು. ಗಂಗಾಂಬಿಕಾ ಕಿರುಬೆರಳಿನಿಂದ ಕೇಸರ ಮುಟ್ಟಿದಳು. ಬೆರಳಿಗೆ ಪುಡಿ ಹತ್ತಿತು. ಹಳದಿ, ಜಿಗುಟು, ಅರಿಷಿಣದ ಹಾಗೆ. ಆಕೆ ಬೆರಳನ್ನು ಹಾಗೇ ಮುಂದೆ ಚಾಚಿಕೊಂಡು ಮೆಟ್ಟಿಲಿಳಿದು, ಮಗ್ಗದ ಸದ್ದಿನಲ್ಲಿ ಗಂಡನಿಗೆ ಕೇಳಲೆಂದು ಜೀವಮಾನದಲ್ಲೇ ಮೊದಲ ಸಲ ಕಿರುಚಿದಳು: “ಪುಡಿ ಬಂತರೀ! ಪುಡಿ!”

ಕಾಯಿ ನಿಂತಿತು. ಬಲಿಯಿತು. ಒಡೆಯಿತು. ನೋಡಲು ಬಂದ ಕೆಂಪವ್ವ ಸೊಸೆಯ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಅಂದಳು: “ನೋಡವಾ, ಇದಕ್ಕೂ ಫಲ ಕೊಟ್ಟ ದೇವರು. ಇನ್ನ ನಿನಗೂ…”

“ಅತ್ತಿ!” ಗಂಗಾಂಬಿಕಾ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು, ಆದರೆ ಬಿಡಲಿಲ್ಲ. “ನಾ ಇದನ್ನ ಹರಕಿ ಹೊತ್ತು ಬೆಳಸಿಲ್ರಿ. ನನಗ ನಲವತ್ತಾರು ಆತು. ಮಕ್ಕಳಿಲ್ಲ, ಇಲ್ಲ ಅಷ್ಟ. ನಾ ಅದಕ್ಕ ಅಳಾಕತ್ತೂ ಇಲ್ಲ, ಕಾಯಾಕತ್ತೂ ಇಲ್ಲ. ಈ ಗಿಡ ನೋಡಿ ನಿಮಗ ಖುಷಿ ಆದ್ರ, ಗಿಡಕ್ಕಷ್ಟ ಖುಷಿಪಡ್ರಿ.”

ಕೆಂಪವ್ವನ ಕಣ್ಣು ತುಂಬಿತು. ಸೊಸೆಯ ಕೈಯೊಳಗಿಂದ ಕೈ ಬಿಡಿಸಿಕೊಂಡು ಕಾಯಿಯಿಂದ ಒಂದು ತೊಳೆ ಹತ್ತಿ ಎಳೆದು, ಎರಡು ಬೆರಳ ನಡುವೆ ಹಿಂಜಿ ಹಿಂಜಿ ನೋಡಿದಳು. ಮೂಗು ಒರೆಸಿಕೊಂಡು ಹೇಳಿದಳು: “ಎಳಿ ಭಾಳ ಗಿಡ್ಡ ಐತಿ. ನೂಲಿಗೆ ಬರಂಗಿಲ್ಲ.”

“ಬರಂಗಿಲ್ರಿ” ಎಂದು ನಕ್ಕಳು ಗಂಗಾಂಬಿಕಾ.

ಆ ಬೀಜ ಬಿತ್ತಿ ಬಂದ ಸಸಿಯ ಬೇರಿನ ತುದಿಯನ್ನು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸಿದಳು. ಎಪ್ಪತ್ತೆಂಟು. ಕಣ್ಣು ತಿಕ್ಕಿಕೊಂಡು ಮತ್ತೆ ಎಣಿಸಿದಳು. ಎಪ್ಪತ್ತೆಂಟೇ. ಆ ಸಸಿಗಳು ಬೆಳೆದು, ತಮ್ಮ ಪುಡಿಯಿಂದಲೇ ತಾವು ಕಾಯಿ ಕಟ್ಟಿದವು. ಅವುಗಳ ಮಕ್ಕಳೂ ಅವುಗಳ ಹಾಗೆಯೇ ಬಂದವು. ಜವಾರಿಯೊಂದಿಗೆ ಕೂಡಿಸಿ ನೋಡಿದಳು, ನಿಲ್ಲಲಿಲ್ಲ. ಅಮೆರಿಕನ್ ಹತ್ತಿಯೊಂದಿಗೆ ಕೂಡಿಸಿದಳು; ಹುಟ್ಟಿದ್ದೇ ಕೆಲವು ಗಿಡ, ಅವೂ ನೆಟ್ಟಗೆ ಕಾಯಿ ಕಟ್ಟಲಿಲ್ಲ. ಅಪ್ಪ ಅವ್ವ ಇಬ್ಬರಿಂದಲೂ ಬೇರೆಯಾಗಿ, ತನ್ನ ಸಂಸಾರ ತಾನು ನಡೆಸುವ ಗಿಡ ಅದು. ಹೊಸ ಜಾತಿ ಅನ್ನುವ ಮಾತಿಗೆ ಇಷ್ಟೇ ಅರ್ಥ.

ಒಂದು ಕುಂಡಲಿಯನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಚೇರ್ಮನ್ ಸಾವಕಾರರ ಮೇಜಿನ ಮೇಲೆ ಇಟ್ಟಳು.

“ತೋರಸ್ತೇನಿ ಅಂದಿದ್ನಿ. ನೋಡ್ರಿ.”

ಸಿದರಾಯ ಸಾವಕಾರರು ಎಲ್ಲವನ್ನೂ ಕೇಳಿಸಿಕೊಂಡರು. ದೊಡ್ಡ ಮನುಷ್ಯ ಅನ್ನಬೇಕು, ಸೋತೆ ಎಂದು ಬಾಯಿಬಿಟ್ಟು ಹೇಳಿದರು. ಆದರೆ ಅವರ ತಲೆ ಅಲ್ಲಿಗೆ ನಿಲ್ಲಲಿಲ್ಲ. ಮರುವಾರ ಶಾಲು, ಹಾರ ಹಿಡಿದು, ಇಬ್ಬರು ಬೀಜದ ವ್ಯಾಪಾರಿಗಳನ್ನು ಕರೆದುಕೊಂಡು ಬನಹಟ್ಟಿಯ ಮನೆಗೇ ಬಂದರು.

“ಮೇಡಂರೀ, ವರ್ಣತಂತು ಇಮ್ಮಡಿ ಅಂದ್ರ ಇಳುವರಿ ಇಮ್ಮಡಿ! ನಮ್ಮ ತಂದೀ ಹೆಸರ ಇಡೂಣು, ‘ಸಾತಪ್ಪ ಸುಪರ್’ ಅಂತ. ಬೀಜ ಮಾಡಾಕ ಇವರು ತಯಾರ ಅದಾರ. ಕಾಲೇಜಿನ ಹೆಸರು ಎಲ್ಲಿಂದೆಲ್ಲಿಗೋ ಹೋಗತೈತಿ.”

“ಇಳುವರಿ ಇಮ್ಮಡಿ ಅಂತ ನಿಮಗ ಯಾರು ಹೇಳಿದ್ರು ಸರ್? ಕಾಯಿ ಕಡಿಮಿ, ಎಳಿ ಗಿಡ್ಡ. ಹೊಲದಾಗ ಹಾಕಿದಾಂವ ಮುಳುಗತಾನ.”

ಚಹಾ ತಂದ ಕೆಂಪವ್ವ ತಟ್ಟೆ ಇಡುತ್ತ ನಡುವೆ ಬಂದಳು: “ಖರೆ ಐತ್ರಿ ಸಾವಕಾರ್ರ. ನಾ ಹಿಂಜಿ ನೋಡೇನಿ. ಒಂದ ಗೇಣು ನೂಲು ಸೈತ ಆಗಂಗಿಲ್ಲ ಅದರಾಗ.”

ವ್ಯಾಪಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾವಕಾರರು ನಕ್ಕು, ಮುಂದೆ ಸುಧಾರಿಸಬಹುದು, ಮೊದಲು ಹೆಸರಾಗಲಿ ಎಂದು ಹೇಳಿ ಎದ್ದರು. ಆಕೆ ಒಪ್ಪಲಿಲ್ಲ ಅನ್ನುವುದನ್ನು ಅವರು ಕೇಳಿಸಿಕೊಂಡೇ ಇರಲಿಲ್ಲ.

ಕಾಲೇಜಿನ ವಾರ್ಷಿಕ ಸ್ನೇಹ ಸಮ್ಮೇಳನದ ದಿನ ಅದ್ದೂರಿ ಪೆಂಡಾಲು. ಸುತ್ತಲಿನ ಊರುಗಳಿಂದ ಪಾಲಕರು ಬಂದಿದ್ದರು, ಬಹಳಷ್ಟು ಜನ ರೈತರೇ. ವೇದಿಕೆಯ ಹಿಂದೆ ಬ್ಯಾನರು: ‘ನಮ್ಮ ಕಾಲೇಜಿನ ಹೊಸ ಹತ್ತಿ, ಸಾತಪ್ಪ ಸುಪರ್, ರೈತರ ಬಾಳಿಗೆ ಬಂಗಾರ.’ ಸಾವಕಾರರು ಗಂಗಾಂಬಿಕಾಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು. ಆಕೆ ಮೈಕಿನ ಕಡೆ ನಡೆದಳು. ಕಾರ್ಯಕ್ರಮ ನಿರೂಪಕ ಕೊಡಲು ಅನುಮಾನಿಸಿದ, ಆಕೆ ಅವನ ಕೈಯಿಂದ ತೆಗೆದುಕೊಂಡಳು. ಆ ಮೆಲುದನಿ ಧ್ವನಿವರ್ಧಕದಲ್ಲಿ ಪೆಂಡಾಲಿನ ಆಚೆ ರಸ್ತೆಯವರೆಗೂ ಹೋಯಿತು.

“ಈ ಹತ್ತಿ ಹೊಸಾದು, ಅದು ಖರೆ. ಇಂಥಾ ಗಿಡ ನಮ್ಮ ಮನಿ ಮಾಳಿಗಿ ಮ್ಯಾಲೆ ಹುಟ್ಟೂ ಮೊದಲು ನಮ್ಮ ಸೀಮ್ಯಾಗ ಯಾರೂ ನೋಡಿರಲಿಲ್ಲ. ಆದ್ರ ಇದು ಬಂಗಾರ ಅಲ್ಲ. ಇದರಿಂದ ಯಾರಿಗೂ ಲಾಭ ಇಲ್ಲ. ಹೊಸಾ ಜಾತಿ ಹೆಂಗ ಹುಟ್ಟತಾವ ಅಂತ ತಿಳಕೊಳ್ಳಾಕ ಬೆಳಸೇನಿ, ಮಾರಾಕಲ್ಲ. ಯಾರರ ಈ ಹೆಸರಿನ ಬೀಜ ಹಿಡಕೊಂಡು ನಿಮ್ಮ ಮನಿ ಬಾಗಲಿಗೆ ಬಂದ್ರ, ಗಂಗಾಂಬಿಕಾ ಮೇಡಂ ಇದು ಸುಳ್ಳ ಅಂದಾಳ ಅಂತ ಹೇಳಿ ವಾಪಸ್ ಕಳಸ್ರಿ.”

ಶಾಲು ತೆಗೆದು, ಮಡಿಚಿ, ಕುರ್ಚಿಯ ಮೇಲಿಟ್ಟು ಕೆಳಗಿಳಿದಳು. ಹಿಂದಿನ ಸಾಲಿನಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಆಮೇಲೆ ಹಲವರು ತಟ್ಟಿದರು. ಮುಂದಿನ ಸಾಲು ಗಪ್‌ಚಿಪ್.

ಕ್ಷಮೆ ಕೇಳಬೇಕು ಎಂದು ಆಡಳಿತ ಮಂಡಳಿ ಕರೆಸಿ ಹೇಳಿತು.

“ಯಾವುದಕ್ಕ ಕೇಳಲಿ? ಖರೆ ಹೇಳಿದ್ದಕ್ಕೋ, ಮೈಕ್ ಕಸಗೊಂಡಿದ್ದಕ್ಕೋ? ಮೈಕ್ ಕಸಗೊಂಡಿದ್ದಕ್ಕ ಬೇಕಾದ್ರ ಈಗ ಕೇಳತೇನಿ. ಖರೆ ಹೇಳಿದ್ದಕ್ಕ ಕೇಳಂಗಿಲ್ಲ.”

ಮುಂದಿನ ವರ್ಷದಿಂದ ಬರುವುದು ಬೇಡ ಅಂದರು. ಅಷ್ಟು ವರ್ಷ ದುಡಿದ ಕಾಲೇಜು. ಪ್ರಯೋಗಾಲಯದ ಕೀಲಿಕೈ ಒಪ್ಪಿಸಿ ಬಸ್ಸು ಹತ್ತಿದವಳು ಬನಹಟ್ಟಿ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಮನೆಯಲ್ಲಿ ವೀರೇಶ ಎದುರು ಬಂದು, “ಆತೇನು?” ಅಂದ. “ಆತು” ಅಂದಳು. ಆಗ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು, ಮುಧೋಳದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರಕ್ಕೆ ಜನ ಬೇಕಾಗಿದೆ ಎಂದು ಯಾರೋ ಹೇಳಿದ್ದು ನೆನಪಾಗಿ ಅಲ್ಲಿಗೆ ಫೋನ್ ಹಚ್ಚಿದಳು. ಈಗ ಅಲ್ಲಿ ಪಾಠ ಮಾಡುತ್ತಾಳೆ. ಸಾತಪ್ಪ ಸುಪರ್ ಬೀಜ ಎಲ್ಲಿಯೂ ಮಾರಾಟಕ್ಕೆ ಬರಲಿಲ್ಲ.

ಮಾಳಿಗೆಯ ಕುಂಡಲಿಗಳಲ್ಲಿ ಜಾಗ ಸಾಲದಾದಾಗ ಗಂಗಾಂಬಿಕಾ ಅನಗವಾಡಿಗೆ ಹೋಗಿ ತವರಿನ ಹೊಲದಲ್ಲಿ ತನ್ನ ಪಾಲು ಕೇಳಿದಳು. ಯಲ್ಲಾಲಿಂಗನಿಗೆ ಅಕ್ಕನ ಮೇಲೆ ಪ್ರೀತಿ ಇತ್ತು. ಆದರೆ ಕಬ್ಬು ನಿಲ್ಲುವ ನೆಲದಲ್ಲಿ ನೂಲಿಗೂ ಬಾರದ ಹತ್ತಿ ಹಾಕುತ್ತೇನೆ ಅನ್ನುವುದು ಅವನ ತಲೆಗೆ ಇಳಿಯಲಿಲ್ಲ. ಊರಿನ ಹಿರಿಯರು, ಹೆಣ್ಣುಮಗಳು ತವರಿನ ಜೊತೆ ಪಾಲಿಗೆ ನಿಲ್ಲಬಾರದು ಎಂದು ಬುದ್ಧಿ ಹೇಳಿದರು. ಆಕೆ ಕೈಕಟ್ಟಿ ಕೇಳಿಸಿಕೊಂಡು, “ಹೇಳಿ ಮುಗೀತೇನ್ರಿ? ಹಂಗಾದ್ರ ಅಳತಿ ಮಾಡೂಣು ಬರ್ರಿ” ಅಂದಳು. ಹೊಳೆಯ ಕಡೆಯ ತುಂಡು ಆಕೆಗೆ ಬಂತು.

ಒಮ್ಮೆ ಮುಧೋಳದ ವಿದ್ಯಾರ್ಥಿನಿಯರು ಅಲ್ಲಿಗೆ ಬಂದಿದ್ದರು. ಪ್ರೀತಿ ಎಂಬ ಹುಡುಗಿ ಕಾಯಿ ಮುಟ್ಟಿ ನೋಡುತ್ತ ಕೇಳಿದಳು: “ಮೇಡಂ, ಇದನ್ನ ನೀವ ಹುಟ್ಟಿಸಿದ್ರಲ್ಲ. ತಾನ ಹುಟ್ಟಿದ್ದು ಹೆಂಗಾತು?”

“ನಾ ಅವಸರ ಮಾಡಿದ್ನಿ ಅಷ್ಟವಾ. ಮನಿಷ್ಯಾ ಇಲ್ಲದಾಗನೂ ಇದು ನಡದೇತಿ, ಎಷ್ಟೋ ಸಲ. ನೀ ತಿನ್ನೂ ಗೋದಿ ಹಂಗ ಹುಟ್ಟೇತಿ, ಒಂದ ಸಲ ಅಲ್ಲ, ಎರಡ ಸಲ ಕೂಡಿ. ಯಾರನ್ನೂ ಕೇಳಿ ಹುಟ್ಟಿಲ್ಲ ಅವು.”

ಬದುವಿನ ಆಚೆ ಕಬ್ಬಿಗೆ ನೀರು ಹಾಯಿಸುತ್ತಿದ್ದ ಯಲ್ಲಾಲಿಂಗ ಇದನ್ನೆಲ್ಲ ಕೇಳಿಸಿಕೊಂಡು ನಿಂತಿದ್ದ. ಹುಡುಗಿಯರು ಅತ್ತ ಸರಿದ ಮೇಲೆ ಕೂಗಿದ:

“ಅಕ್ಕಾ, ಎಲ್ಲಾ ಖರೆ. ಆದ್ರ ಇದರಿಂದ ಉಪಯೋಗ ಏನು? ಬರೂ ವರ್ಷ ಆ ತುಂಡಿನಾಗೂ ನಾನ ಕಬ್ಬ ಹಚ್ಚತೇನಿ ನೋಡು.”

“ಹಚ್ಚಾಕ ಬಾ” ಅಂದಳು ಗಂಗಾಂಬಿಕಾ ಮೆಲ್ಲಗೆ. ಯಲ್ಲಾಲಿಂಗ ಆ ದನಿ ಕೇಳಿ, ಸಲಿಕೆ ಹೆಗಲಿಗೇರಿಸಿ, ನೀರನ್ನು ಮುಂದಿನ ಮಡಿಗೆ ತಿರುಗಿಸಲು ಆಚೆ ನಡೆದ. ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯರಿಗೆ ಮೊಗ್ಗು ಬಿಡಿಸುವುದು ಹೇಗೆಂದು ತೋರಿಸಲು ಸಾಲಿನೊಳಕ್ಕೆ ಹೋದಳು.